ಕಿತ್ತಳೆ ವಾಸನೆ ಬಂತೆಂದು ಗ್ಲೌಸ್ ಬಿಚ್ಚಬೇಡಿ

ರೋಗಿಯ ದೇಹದ ತುಣುಕನ್ನು ಸ್ಲೈಡ್ ಮಾಡಿ ಪರೀಕ್ಷಿಸುವ ಟಿಶ್ಯೂ ಲ್ಯಾಬ್‌ಗಳಲ್ಲಿ, ಮೇಣ ಕರಗಿಸಲು ಬಳಸುವ ಕ್ಸೈಲೀನ್ ಬದಲು ಕಿತ್ತಳೆ ಜಾತಿಯ ಸಿಪ್ಪೆಯಿಂದ ಬರುವ ಸಿಟ್ರಸ್ ಸಾಲ್ವೆಂಟ್ ಬಳಸುವವರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ವೇಷ ಬೇರೆ, ಪಾತ್ರ ಒಂದೇ. ಹಾಗಾಗಿ ಈ ಸಲ ಒಂದಕ್ಕೇ ಉದ್ದ ಉತ್ತರ.

ಆರು ತಿಂಗಳ ಹಿಂದೆ ಕ್ಸೈಲೀನ್ ಬಿಟ್ಟು ಸಿಟ್ರಸ್ ಸಾಲ್ವೆಂಟ್‌ಗೆ ಬಂದೆವು. ಮಾರಲು ಬಂದವರು "ನೈಸರ್ಗಿಕ, ಗ್ಲೌಸ್ ಬೇಕಿಲ್ಲ" ಅಂದಿದ್ದರು. ಈಗ ಬೆರಳ ಸಂದಿಯಲ್ಲಿ ತುರಿಕೆ, ಚರ್ಮ ಒಡೆಯುತ್ತಿದೆ. ರಜೆ ಹಾಕಿದರೆ ಕಡಿಮೆಯಾಗುತ್ತದೆ. ಇದು ಸಾಲ್ವೆಂಟ್‌ನಿಂದಲೇ? — ಲ್ಯಾಬ್ ಟೆಕ್ನಿಷಿಯನ್, ಕುಮಟಾ

ರಜೆಯಲ್ಲಿ ಕಡಿಮೆಯಾಗುತ್ತದೆ ಎಂದು ಬರೆದು ಅರ್ಧ ಉತ್ತರ ನೀವೇ ಕೊಟ್ಟಿದ್ದೀರಿ. ನೈಸರ್ಗಿಕವಂತೆ! ಗೇರುಬೀಜದ ಸಿಪ್ಪೆಯ ಎಣ್ಣೆಯೂ ನೈಸರ್ಗಿಕವೇ. ಅದು ತಾಗಿದ ಕೈ ಏನಾಗುತ್ತದೆಂದು ಕುಮಟಾದವರಿಗೆ ನಾನು ಹೇಳಬೇಕೇ?

ನಿಮ್ಮ ಕ್ಯಾನ್‌ನಲ್ಲಿರುವುದು ಬಹುಪಾಲು ಡಿ-ಲಿಮೋನೀನ್, ಅಂದರೆ ಕಿತ್ತಳೆ ಸಿಪ್ಪೆಯ ಎಣ್ಣೆಯ ಮುಖ್ಯ ಅಂಶ. ಹೊಸದು ಚರ್ಮದ ಜಿಡ್ಡು ತೆಗೆದು ಒಣಗಿಸುತ್ತದೆ, ಉರಿಸುತ್ತದೆ. ಗಾಳಿಗೆ ತೆರೆದುಕೊಂಡಂತೆ ಅದು ಆಮ್ಲಜನಕ ಸೇರಿ ಹೈಡ್ರೋಪರಾಕ್ಸೈಡ್‌ಗಳಾಗಿ (ಒಂದು ಬಗೆಯ ಪರಾಕ್ಸೈಡ್) ಬದಲಾಗುತ್ತದೆ. ಅಲರ್ಜಿ ಹುಟ್ಟಿಸುವುದು ಮುಖ್ಯವಾಗಿ ಇವೇ. ಕ್ಸೈಲೀನ್‌ಗಿಂತ ಇದರ ಆವಿ ಕಡಿಮೆ, ಮೂಗಿಗೆ ಹಿತ, ಒಪ್ಪೋಣ. ಆದರೆ ಮೂಗಿಗೆ ತಪ್ಪಿದ ಅಪಾಯ ಚರ್ಮಕ್ಕೆ ಬಂದು ಕೂತಿದೆ.

ಈಗ ಸ್ಲೈಡ್‌ಗೆ ಬಣ್ಣ ಹಾಕುವಾಗ ಸಾಲ್ವೆಂಟ್ ತುಂಬಿಡುವ ನಿಮ್ಮ ಸ್ಟೇನಿಂಗ್ ಜಾರ್ ನೋಡಿ. ಮಟ್ಟ ಇಳಿದಾಗಲೆಲ್ಲ ಹಳೆಯದರ ಮೇಲೇ ಹೊಸದನ್ನು ಸುರಿಯುತ್ತೀರಿ ತಾನೇ? ಅದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹಳೆಯದರಲ್ಲಿರುವ ಪರಾಕ್ಸೈಡ್ ಹೊಸದನ್ನೂ ಬೇಗ ಕೆಡಿಸುತ್ತದೆ. ತಯಾರಕರು ಬೆರೆಸಿದ ಬಿಎಚ್‌ಟಿಯಂಥ ಆ್ಯಂಟಿಆಕ್ಸಿಡೆಂಟ್ ಖರ್ಚಾದ ಮೇಲೆ ತಡೆಯೇ ಇಲ್ಲ. ಕರಾವಳಿಯ ಸೆಕೆ ಇದಕ್ಕೆ ಇನ್ನಷ್ಟು ಅನುಕೂಲ. ಜಾರ್ ಪೂರ್ತಿ ಖಾಲಿ ಮಾಡಿ, ಒರೆಸಿ, ಆಮೇಲೆ ತುಂಬಿ. ದೊಡ್ಡ ಕ್ಯಾನ್ ಬದಲು ಅರ್ಧ ಅಥವಾ ಒಂದು ಲೀಟರಿನ ಬಾಟಲಿ ತರಿಸಿ. ಮುಚ್ಚಳ ತೆರೆದ ದಿನಾಂಕ ಬಾಟಲಿಯ ಮೇಲೆ ಬರೆಯಿರಿ. ಬಣ್ಣ ಹಳದಿಯಾದರೆ, ಕೈಗೆ ಅಂಟಂಟಾದರೆ, ಕಿತ್ತಳೆ ಹೋಗಿ ಹಳೆ ಟರ್ಪೆಂಟೈನ್ ವಾಸನೆ ಬಂದರೆ ಮರುಮಾತಿಲ್ಲದೆ ತೆಗೆದುಹಾಕಿ. ಬಟ್ಟಿ ಇಳಿಸಿ ಮತ್ತೆ ಬಳಸುವ ಜಾಣತನ ಬೇಡ. ಪರಾಕ್ಸೈಡ್ ತಳದಲ್ಲಿ ದಟ್ಟವಾಗಿ ಸ್ಫೋಟಿಸಬಹುದು.

ಗ್ಲೌಸ್ ನೈಟ್ರೈಲ್ ಎಂಬ ಕೃತಕ ರಬ್ಬರ್‌ನದೇ ಆಗಬೇಕು. ತೆಳುವಾದದ್ದಕ್ಕೆ ಚೆಲ್ಲಿದರೆ ಕೂಡಲೇ ಬದಲಿಸಿ. ಜಾರ್ ತುಂಬುವಾಗ, ಪ್ರೊಸೆಸರ್ (ಟಿಶ್ಯೂ ಸಿದ್ಧಪಡಿಸುವ ಯಂತ್ರ) ಖಾಲಿ ಮಾಡುವಾಗ ಉದ್ದ ತೋಳಿನ ದಪ್ಪ ನೈಟ್ರೈಲ್ ಹಾಕಿ. ಲ್ಯಾಟೆಕ್ಸ್, ಅಂದರೆ ಮಾಮೂಲಿ ರಬ್ಬರ್‌ನದು, ಬೇಡವೇ ಬೇಡ. ಮಕ್ಕಳು ಕಿತ್ತಳೆ ಸಿಪ್ಪೆ ಹಿಂಡಿ ಬಲೂನು ಒಡೆಯುತ್ತಾರಲ್ಲ, ಅಲ್ಲಿ ಕೆಲಸ ಮಾಡುವುದು ಇದೇ ಲಿಮೋನೀನ್, ಒಡೆಯುವುದು ಇದೇ ರಬ್ಬರ್.

ಇನ್ನು ನಿಮ್ಮ ಕೈ. ಚರ್ಮತಜ್ಞರಲ್ಲಿಗೆ ಹೋಗಿ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಪಟ್ಟಿ ಅಂಟಿಸಿ ಮಾಡುವ ಅಲರ್ಜಿ ಪರೀಕ್ಷೆ) ಮಾಡಿಸಿ. ಶುದ್ಧ ಲಿಮೋನೀನ್‌ನಿಂದ ಮಾತ್ರ ಪರೀಕ್ಷಿಸಿದರೆ ಅಲರ್ಜಿ ತಪ್ಪಿಹೋಗಬಹುದು, ಆದ್ದರಿಂದ ಲಿಮೋನೀನ್ ಹೈಡ್ರೋಪರಾಕ್ಸೈಡ್‌ನಿಂದಲೇ ಆಗಲಿ ಎಂದು ಕೇಳಿ. ಪಾಸಿಟಿವ್ ಬಂದರೆ ಆ ಕೆಲಸದಿಂದ ದೂರ ಇರಬೇಕು. ಒಮ್ಮೆ ಹತ್ತಿದ ಅಲರ್ಜಿ ಸಾಮಾನ್ಯವಾಗಿ ಬಿಡುವುದಿಲ್ಲ, ಮನೆಯ ನಿಂಬೆ ವಾಸನೆಯ ಪಾತ್ರೆ ಸೋಪಿಗೂ ಕೈ ತುರಿಸಬಹುದು. ಕೆಲಸಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಎಂದು ಯಾರೋ ಹೇಳಿದರಂತೆ ಎಂದೂ ಬರೆದಿದ್ದೀರಿ. ಲಿಮೋನೀನ್ ಎಣ್ಣೆಯಲ್ಲಿ ಸಲೀಸಾಗಿ ಬೆರೆಯುತ್ತದೆ. ಅದು ತಡೆಗೋಡೆಯಲ್ಲ, ಬಾಗಿಲು.

ಇದಕ್ಕೆ ಬೆಂಕಿ ಹತ್ತುವುದಿಲ್ಲವಂತೆ? — ಅಂಕೋಲಾ

ಯಾರಪ್ಪ ಹೇಳಿದ್ದು? ಇದರ ಫ್ಲ್ಯಾಶ್ ಪಾಯಿಂಟ್ (ಕಿಡಿ ತಾಗಿದರೆ ಆವಿ ಹೊತ್ತುವ ಕನಿಷ್ಠ ಉಷ್ಣತೆ) ಸುಮಾರು 48 ಡಿಗ್ರಿ ಸೆಲ್ಸಿಯಸ್, ಕ್ಸೈಲೀನ್‌ನದು 27ರ ಆಸುಪಾಸು. ಮೇಲು ನಿಜ. ಆದರೆ ನಿಮ್ಮ ಓವನ್, ಮೇಣದ ಬಾತ್ ಎರಡೂ 60ರ ಹತ್ತಿರ ಇರುತ್ತವೆ. ಲಿಮೋನೀನ್ ತೊಟ್ಟಿಕ್ಕುವ ಸ್ಲೈಡ್ ಓವನ್‌ಗೆ ಇಡಬೇಡಿ. ಒರೆಸಿದ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನಾಗಿ ಕಾವೇರಬಹುದು, ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ.

ಮಳೆಗಾಲದಲ್ಲಿ ಸಾಲ್ವೆಂಟ್ ಜಾರ್ ಹಾಲಿನಂತಾಗುತ್ತದೆ. ಕಲಬೆರಕೆಯೇ? — ಹೊನ್ನಾವರ

ಅಲ್ಲ, ಸಾಲ್ವೆಂಟ್‌ಗೆ ಮೊದಲು ಸ್ಲೈಡ್‌ನ ನೀರು ತೆಗೆಯಬೇಕಾದ ನಿಮ್ಮ ಆಲ್ಕೋಹಾಲ್ ತಾನೇ ನೀರು ಕುಡಿದಿದೆ. ಕ್ಸೈಲೀನ್‌ಗಿಂತಲೂ ಸಿಟ್ರಸ್ ಸಾಲ್ವೆಂಟ್ ನೀರಿಗೆ ಸೂಕ್ಷ್ಮ. ಕೊನೆಯ ಅಬ್ಸಲ್ಯೂಟ್ (ನೀರಿಲ್ಲದ) ಆಲ್ಕೋಹಾಲ್ ಜಾರ್‌ನ ತಳದಲ್ಲಿ ಒಂದೆರಡು ಸೆಂಟಿಮೀಟರ್ ನೀರಿಲ್ಲದ ಬಿಳಿ ತಾಮ್ರದ ಸಲ್ಫೇಟ್ ಹಾಕಿ, ಮೇಲೆ ಫಿಲ್ಟರ್ ಪೇಪರ್ ಮುಚ್ಚಿ. ಅದು ನೀಲಿಗೆ ತಿರುಗಿದ ದಿನ ಆಲ್ಕೋಹಾಲ್ ಬದಲಿಸಿ. ಸ್ಲೈಡ್‌ನ ಅಂಚನ್ನು ಬ್ಲಾಟಿಂಗ್ ಪೇಪರ್‌ಗೆ ತಾಗಿಸಿ ಬಸಿದ ಮೇಲೆಯೇ ಮೌಂಟ್ ಮಾಡಿ (ಮೇಲೆ ತೆಳು ಗಾಜು ಅಂಟಿಸಿ), ಏಕೆಂದರೆ ಈ ಸಾಲ್ವೆಂಟ್ ನಿಧಾನಕ್ಕೆ ಆರುತ್ತದೆ. ಲಿವರ್ ಬಯಾಪ್ಸಿಯಲ್ಲಿ ತಾಮ್ರ ಹುಡುಕುವವರು ಕ್ಸೈಲೀನನ್ನೇ ಬಳಸಿ. ಸಣ್ಣ ತಾಮ್ರದ, ಕ್ಯಾಲ್ಸಿಯಂ ಕಣಗಳು ಲಿಮೋನೀನ್‌ನಲ್ಲಿ ಕರಗಿಹೋಗಬಹುದು.

ಇದರಿಂದ ಕ್ಯಾನ್ಸರ್ ಬರುತ್ತದೆಯೇ? — ಕಾರವಾರ

ಪ್ರಯೋಗದಲ್ಲಿ ಗಂಡು ಇಲಿಯ ಮೂತ್ರಪಿಂಡಕ್ಕೆ ಬಂದದ್ದು ಅದರದೇ ಒಂದು ಪ್ರೋಟೀನ್‌ನಿಂದ, ಮನುಷ್ಯರಿಗೆ ಆ ದಾರಿ ಇಲ್ಲ.

ಊರಿನ ಕಂಚಿಕಾಯಿ ಸಿಪ್ಪೆಯಿಂದ ನಾವೇ ತಯಾರಿಸಬಹುದೇ? — ಶಿರಸಿ

ಉಪ್ಪಿನಕಾಯಿ ಹಾಕಿ.

ಸರ್ಜಿಕಲ್ ಮಾಸ್ಕ್ ಸಾಕೇ? ದಿನಾ ಬೆಲ್ಲ ತಿಂದರೆ ಆವಿ ಹೊರಹೋಗುತ್ತದಂತೆ? — ಭಟ್ಕಳ

ಮಾಸ್ಕ್ ಆವಿ ತಡೆಯುವುದಿಲ್ಲ, ಬೆಲ್ಲವೂ ಇಲ್ಲ. ಎಕ್ಸಾಸ್ಟ್ ಫ್ಯಾನ್ ಬೆಂಚಿನ ಮಟ್ಟಕ್ಕೆ ಇಳಿಸಿ.

ಜೈವಿಕವಾಗಿ ಕರಗುತ್ತದಲ್ಲ, ಸಿಂಕ್‌ಗೆ ಸುರಿಯಬಹುದೇ? — ಕಾರವಾರ

ಇಲ್ಲ. ನೀರಿನ ಮೇಲೆ ತೇಲುತ್ತದೆ, ಜಲಚರಗಳಿಗೆ ತೀವ್ರ ವಿಷ. ಲೇಬಲ್ ಹಚ್ಚಿದ ಬೇರೆ ಕ್ಯಾನ್‌ನಲ್ಲಿ ಕೂಡಿಟ್ಟು ಅಧಿಕೃತ ತ್ಯಾಜ್ಯ ಸಂಗ್ರಾಹಕರಿಗೆ ಕೊಡಿ. ಮೂಳೆ ಮೆದುಗೊಳಿಸುವ ನೈಟ್ರಿಕ್ ಆಮ್ಲದ ಉಳಿಕೆಯನ್ನು ಆ ಕ್ಯಾನ್‌ಗೆ ಸುರಿಯಬೇಡಿ, ಎರಡೂ ಸೇರಿದರೆ ಕಾದು ಉಕ್ಕಿ ಹೊತ್ತಿಕೊಳ್ಳಬಹುದು. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಲೂಬೇಡಿ.