ಕುಡಿಯದವರಿಗೂ ಫ್ಯಾಟಿ ಲಿವರ್?

ಪ್ರಶ್ನೆ: ನಾನು ಮದ್ಯ ಮುಟ್ಟುವುದಿಲ್ಲ. ಆದರೂ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂದಿದೆ. ತೂಕ ಹೆಚ್ಚಿದೆ, ರಕ್ತಪರೀಕ್ಷೆ ನಾರ್ಮಲ್. ಸುಮ್ಮನಿರಬಹುದೇ?

ಉತ್ತರ: ದಯವಿಟ್ಟು ಸುಮ್ಮನಿರಬೇಡಿ. ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ (ಯಕೃತ್ತಿನ ಕಿಣ್ವ) ನಾರ್ಮಲ್ ಇದ್ದರೂ ಒಳಗೊಳಗೇ ಯಕೃತ್ತು ಗಟ್ಟಿಯಾಗುತ್ತಿರಬಹುದು. ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ. ಮೊದಲು ಬಿಡಬೇಕಾದದ್ದು ಸಿಹಿ ಪಾನೀಯ. ಅದರಲ್ಲಿನ ಫ್ರಕ್ಟೋಸ್ ಎಂಬ ಸಕ್ಕರೆ ಅತಿಯಾದರೆ ಯಕೃತ್ತು ಅದನ್ನು ಕೊಬ್ಬಾಗಿಸುತ್ತದೆ. ತೂಕ ಶೇ 5ರಷ್ಟು ಇಳಿದರೂ ಆ ಕೊಬ್ಬು ಕರಗತೊಡಗುತ್ತದೆ. ಉರಿಯೂತ ತಗ್ಗಲು ಶೇ 7ರಿಂದ 10 ಬೇಕು. ಆದರೆ ಉಪವಾಸ ಬಿದ್ದು ಸರಸರನೆ ಇಳಿಸಬೇಡಿ. ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಉರಿಯೂತ ಹೆಚ್ಚಬಹುದು. ವಾರಕ್ಕೆ ಅರ್ಧದಿಂದ ಒಂದು ಕಿಲೋ ಸಾಕು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ತೂಕ ಇಳಿಯದಿದ್ದರೂ ಲಾಭವಿದೆ. ಸಕ್ಕರೆಯಿಲ್ಲದ ಕಾಫಿಗೆ ಅಡ್ಡಿಯಿಲ್ಲ.