‘ಕೇಪ್ ರೇ’ ಲೇಖನ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

ಅಮೆರಿಕದ ‘ಕೇಪ್ ರೇ’ ಹಡಗಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ, ಚೆನ್ನಾಗಿದೆ.

ಮೊದಲರ್ಧ ಪೂರ್ತಿ ಹಡಗಿನ ಜಾತಕ. 1977ರಲ್ಲಿ ಜಪಾನಿನಲ್ಲಿ ಕಟ್ಟಿದ್ದು, ಉದ್ದ ಇಷ್ಟು, ಅಗಲ ಇಷ್ಟು, ಮಾಲೀಕರು ಬದಲಾಗಿದ್ದು, ಹೆಸರು ಬದಲಾಗಿದ್ದು. ಓದುಗ ಅಲ್ಲೇ ಎದ್ದು ಹೋಗುತ್ತಾನೆ. ನಿಜವಾದ ಕಥೆ ಒಂಬತ್ತನೇ ಪ್ಯಾರಾದಲ್ಲಿ ಮುದುಡಿ ಕೂತಿದೆ. ಕಾರು, ಲಾರಿ ಸಾಗಿಸಲು ಕಟ್ಟಿದ ಹಡಗಿನ ಹೊಟ್ಟೆಯೊಳಗೆ 2014ರಲ್ಲಿ ಸಿರಿಯಾದ ರಾಸಾಯನಿಕ ಅಸ್ತ್ರಗಳ ಸುಮಾರು 600 ಟನ್ ವಿಷವನ್ನು ನಾಶ ಮಾಡಿದರು. ನರಗಳನ್ನೇ ಕೆಡಿಸುವ ಸಾರಿನ್ ವಿಷಾನಿಲ ತಯಾರಿಸುವ ದ್ರವ, ಜೊತೆಗೆ ಮೈ ಸುಡುವ ಮಸ್ಟರ್ಡ್ ಎಂಬ ವಿಷ. ಅದನ್ನು ನಾಲ್ಕು ಸಾಲಲ್ಲಿ ಮುಗಿಸಿದ್ದೀರಲ್ಲ!

ಯಾಕೆ ಈ ಹಡಗೇ ಬೇಕಾಯಿತು? ನೀವು ಕೇಳಿಕೊಂಡೇ ಇಲ್ಲ. ತಮ್ಮ ನೆಲದಲ್ಲಿ ಈ ಕೆಲಸ ಬೇಡ ಅಂತ ಅಲ್ಬೇನಿಯಾದ ಜನ ಬೀದಿಗಿಳಿದರು, ಅಲ್ಲಿನ ಸರ್ಕಾರ ಒಲ್ಲೆ ಅಂದಿತು. ಉಳಿದದ್ದು ಸಮುದ್ರ. ಇದು ರೋ-ರೋ ಹಡಗು, ಅಂದರೆ ವಾಹನಗಳು ಚಕ್ರದ ಮೇಲೆಯೇ ಹತ್ತುತ್ತವೆ, ಮೊದಲು ಸಿಗಂದೂರು ಲಾಂಚಿಗೆ ಬಸ್ಸು ಹತ್ತುತ್ತಿದ್ದ ಹಾಗೆ. ಹಾಗಾಗಿ ಒಳಗೆ ಮಾಡು ಇರುವ ವಿಶಾಲವಾದ ಅಂಗಳವೇ ಸಿಗುತ್ತದೆ. ಅಲ್ಲಿ ಎರಡು ಯಂತ್ರ ಕೂರಿಸಿದರು. ಬಿಸಿನೀರು, ರಾಸಾಯನಿಕ ಬೆರೆಸಿ ವಿಷವನ್ನು ಒಡೆಯುವ ಯಂತ್ರಗಳು. ಉಳಿದ ಕೊಳೆನೀರನ್ನು ಸಮುದ್ರಕ್ಕೆ ಬಿಡಲಿಲ್ಲ. ಫಿನ್ಲೆಂಡಿಗೂ ಜರ್ಮನಿಗೂ ಒಯ್ದರು. ಗ್ರೀಸಿನ ಕ್ರೀಟ್ ದ್ವೀಪದ ಜನ ಹೆದರಿದ್ದು ಅದನ್ನು ಸಮುದ್ರಕ್ಕೆ ಬಿಟ್ಟಾರು ಅಂತಲೇ. ಇದು ಬರಲೇಬೇಕು.

ಮೂರು ಕಡೆ ‘ಯುದ್ಧನೌಕೆ’ ಅಂದಿದ್ದೀರಿ. ತಪ್ಪು. ಇದು ಅಮೆರಿಕದ ಸಾರಿಗೆ ಇಲಾಖೆ ಇಟ್ಟುಕೊಂಡಿರುವ ಮೀಸಲು ಹಡಗು. ನಡೆಸುವವರು ಸೈನಿಕರಲ್ಲ, ಸಾಮಾನ್ಯ ನಾವಿಕರು. ಕೆಲಸ ಇಲ್ಲದಾಗ ಕೆಲವೇ ಜನರನ್ನು ಇಟ್ಟುಕೊಂಡು ವರ್ಜೀನಿಯಾದ ದಕ್ಕೆಯಲ್ಲಿ ಸುಮ್ನೆ ನಿಂತಿರುತ್ತದೆ. ಮನೆ ಮುಂದೆ ಕವರ್ ಹಾಕಿಟ್ಟು, ಬ್ಯಾಟರಿ ಇಳಿಯದ ಹಾಗೆ ಆಗಾಗ ಸ್ಟಾರ್ಟ್ ಮಾಡುವ ಗಾಡಿ ಇರುತ್ತದಲ್ಲ, ಹಾಗೆ.

‘ಸ್ವಲ್ಪ ಕಾಯಬೇಕಾಯಿತು’ ಅಂತ ಬರೆದಿದ್ದೀರಿ. ಫೆಬ್ರವರಿಯಲ್ಲಿ ಸ್ಪೇನಿನ ರೋಟಾ ಬಂದರಿಗೆ ಬಂದ ಹಡಗು ಜೂನ್ ತನಕ ಅಲ್ಲೇ ನಿಂತಿತ್ತು. ನಾಲ್ಕು ತಿಂಗಳು ಸ್ವಲ್ಪವಾ? ಆ ಕಾಯುವಿಕೆಗೆ ಒಂದು ಪುಟ ಕೊಡಿ. ಜುಲೈ 2ರಂದು ಇಟಲಿಯ ಜೋಯಾ ತೌರೊದಲ್ಲಿ ‘ಆರ್ಕ್ ಫ್ಯುತುರಾ’ ಎಂಬ ಡೆನ್ಮಾರ್ಕಿನ ಹಡಗಿನಿಂದ, ಕಾಯುತ್ತಿದ್ದ ಸಿರಿಯಾದ ವಿಷದ ಸರಕು ಬಂತು. ಅದೂ ವಾಹನ ಸಾಗಿಸುವ ಹಡಗೇ! ನಿಮ್ಮ ಕೈಯಲ್ಲೇ ಇದ್ದದ್ದನ್ನು ನೋಡಲಿಲ್ಲ ನೀವು. ಆಗಸ್ಟ್ 18ಕ್ಕೆ ಕೆಲಸ ಮುಗಿದಿತ್ತು.

ಕೊನೆಯಲ್ಲಿ ‘ವಿಜ್ಞಾನ ವರವೋ ಶಾಪವೋ’ ಅಂತ ಕೇಳಿದ್ದೀರಿ. ಹೈಸ್ಕೂಲಿನಲ್ಲಿ ನಾನೂ ಬರೆದಿದ್ದೆ, ಹತ್ತಕ್ಕೆ ಆರು ಬಂದಿತ್ತು. ತೆಗೆದುಬಿಡಿ.

ರೋಟಾದಿಂದ ಶುರು ಮಾಡಿ ಇನ್ನೊಮ್ಮೆ ಬರೆದು ಕಳಿಸಿ. ಜಾತಕಕ್ಕೆ ಎರಡು ಸಾಲು ಸಾಕು.