ಮೋಟಾರ್ ಓಡುವಾಗ ಮಾತ್ರ ಬರುವ ಸಿಆರ್‌ಸಿ ಎರರ್: ಹೊಸನಗರದ ಪಂಪಿನ ಪ್ರಶ್ನೆಗೆ ಉತ್ತರ

ಹೊಸನಗರದಿಂದ ಪ್ರಶ್ನೆ ಕೇಳಿದವರಿಗೆ ನಮಸ್ಕಾರ. ಹಳ್ಳದ ದಂಡೆಯ ಪಂಪ್‌ಹೌಸಿನ ಡ್ರೈವನ್ನು (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ತಾವು ಮನೆಯಿಂದಲೇ ಮಾಡ್‌ಬಸ್ (ಯಂತ್ರಗಳ ನಡುವೆ ಸಂದೇಶ ಕಳಿಸುವ ಪದ್ಧತಿ) ಮೂಲಕ ನಡೆಸುತ್ತಿದ್ದೀರಿ. ಮೋಟಾರ್ ನಿಂತಿರುವಾಗ ಎಲ್ಲವೂ ಸರಿಯಿದ್ದು, ಓಡತೊಡಗಿದೊಡನೆ ಒಮ್ಮೆ ಸಿಆರ್‌ಸಿ ಎರರ್ (ಸಂದೇಶ ಕೆಟ್ಟಿದೆಯೇ ಎಂದು ನೋಡುವ ಲೆಕ್ಕ ತಾಳೆಯಾಗದಿರುವುದು), ಇನ್ನೊಮ್ಮೆ ಟೈಮ್‌ಔಟ್ (ಸಮಯದೊಳಗೆ ಉತ್ತರ ಬಾರದಿರುವುದು) ಬರುತ್ತದೆ ಎಂದಿದ್ದೀರಿ. ಸಿಆರ್‌ಸಿ ಪರಿಶೀಲನೆಯನ್ನೇ ಪ್ರೋಗ್ರಾಮಿನಿಂದ ತೆಗೆಯಬಹುದೇ ಎಂಬುದು ಪ್ರಶ್ನೆ. ದಯವಿಟ್ಟು ತೆಗೆಯಬೇಡಿ.

ಒಂದನೇ ನಂಬರಿನ ಡ್ರೈವಿನಿಂದ ಒಂದು ರಿಜಿಸ್ಟರ್ (ಅಂಕಿಯೊಂದನ್ನು ಇಟ್ಟಿರುವ ಜಾಗ) ಓದಲು ಹೋಗುವ ಸಂದೇಶ 01 03 00 00 00 01 ಎಂದಿಟ್ಟುಕೊಳ್ಳಿ. ಈ ಆರು ಬೈಟ್‌ಗಳಿಂದ ಲೆಕ್ಕ ಹಾಕಿದ 84 0A (ಹೆಕ್ಸ್, ಅಂದರೆ ಹದಿನಾರರ ಎಣಿಕೆಯಲ್ಲಿ) ಎಂಬ ಎರಡು ಬೈಟ್‌ಗಳು ಕೊನೆಯಲ್ಲಿ ಸೇರುತ್ತವೆ. ಡ್ರೈವ್ ಅದೇ ಲೆಕ್ಕವನ್ನು ತಾನೂ ಮಾಡಿ, ತಾಳೆಯಾಗದಿದ್ದರೆ ಉತ್ತರವನ್ನೇ ಕೊಡದೆ ಸಂದೇಶವನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಹೋಗುವಾಗ ಕೆಟ್ಟ ಸಂದೇಶ ತಮಗೆ ಟೈಮ್‌ಔಟ್ ಆಗಿಯೂ, ಬರುವಾಗ ಕೆಟ್ಟದ್ದು ಸಿಆರ್‌ಸಿ ಎರರ್ ಆಗಿಯೂ ಕಾಣುತ್ತದೆ. ತಮ್ಮಲ್ಲಿ ಎರಡಕ್ಕೂ ಮೂಲ ಒಂದೇ ಇರಬೇಕು. ಬೈಟ್‌ಗಳನ್ನು ಬರೀ ಕೂಡಿಸಿ ನೋಡುವ ಚೆಕ್‌ಸಮ್‌ಗೆ ಎರಡು ಬೈಟ್ ಅದಲುಬದಲಾದರೆ ತಿಳಿಯುವುದಿಲ್ಲ. ಈ ಸಿಆರ್‌ಸಿಯಾದರೋ ಸಾಲಾಗಿ 16 ಬಿಟ್‌ಗಳೊಳಗೆ ಆದ ಯಾವ ಕೆಡುಕನ್ನೂ ತಪ್ಪದೆ ಹಿಡಿಯುತ್ತದೆ. ಅದನ್ನು ತೆಗೆದರೆ ಕೆಟ್ಟುಬಂದ ಕರೆಂಟಿನ ಅಂಕಿಯನ್ನೂ ಕಂಟ್ರೋಲರ್ ನಂಬುತ್ತದೆ; ನೀರಿಲ್ಲದೆ ಓಡುವ ಪಂಪನ್ನು ಗುರುತಿಸಬೇಕಾದದ್ದು ಆ ಅಂಕಿಯಿಂದಲೇ ಅಲ್ಲವೇ?

ನಿಂತಾಗ ಸರಿಯಿದೆ ಎಂದಮೇಲೆ ಬಾಡ್ ರೇಟ್ (ಸಂದೇಶದ ವೇಗ), ಪ್ಯಾರಿಟಿ (ಪ್ರತಿ ಬೈಟಿನ ಪರೀಕ್ಷಾ ಬಿಟ್) ಸೆಟ್ಟಿಂಗ್‌ಗಳನ್ನು ಅನುಮಾನಿಸಬೇಕಿಲ್ಲ. ತಾವು ಹಾಕಿದ ಫೋಟೋದಲ್ಲಿ ಮೋಟಾರಿನ ಕೇಬಲ್ ಮತ್ತು ಮಾಡ್‌ಬಸ್ ಸಂದೇಶ ಒಯ್ಯುವ ಆರ್‌ಎಸ್-485 ವೈರ್ ಒಂದೇ ಪಿವಿಸಿ ಪೈಪಿನಲ್ಲಿ ಹೋಗಿವೆ. ಡ್ರೈವ್ ಮೋಟಾರಿಗೆ ಕೊಡುವ ವೋಲ್ಟೇಜನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ಕೊಡುವುದರಿಂದ, ಅದರ ವಿದ್ಯುತ್ ಗದ್ದಲ (ನಾಯ್ಸ್) ಪಕ್ಕದ ವೈರಿಗೆ ನೇರವಾಗಿ ಹತ್ತುತ್ತದೆ. ಮೊದಲು ಇವೆರಡನ್ನು ಬೇರೆ ಮಾಡಿ. ಕನಿಷ್ಠ ಒಂದು ಅಡಿ ಅಂತರವಿರಲಿ, ದಾಟಲೇಬೇಕಾದ ಕಡೆ ಅಡ್ಡವಾಗಿ ದಾಟಿಸಿ. ವೈರ್ ಹೆಣೆದ ಜೋಡಿಯದ್ದಾಗಿದ್ದು, ಮೇಲೆ ಶೀಲ್ಡ್ (ಲೋಹದ ಹೊದಿಕೆ) ಇರಬೇಕು. 120 ಓಮ್ ರೆಸಿಸ್ಟರ್ ಲೈನಿನ ಎರಡು ತುದಿಗಳಲ್ಲಿ ಮಾತ್ರ ಇರಲಿ. ಮನೆಯ ಅರ್ಥಿಂಗ್ ಮತ್ತು ಪಂಪ್‌ಹೌಸಿನ ಅರ್ಥಿಂಗ್ ಬೇರೆಯಾದ್ದರಿಂದ ಕಾಮನ್‌ಗೆ (ಎರಡೂ ಕಡೆಯ ಸಂಕೇತಗಳಿಗೆ ಸಮಾನ ಆಧಾರ) ಮೂರನೇ ವೈರನ್ನು ಎಳೆದು, ಮನೆಯ ಕಡೆ ಐಸೊಲೇಟೆಡ್ ಕನ್ವರ್ಟರ್ (ಎರಡು ಬದಿಗಳ ನಡುವೆ ನೇರ ವಿದ್ಯುತ್ ಸಂಪರ್ಕವಿಲ್ಲದ್ದು) ಹಾಕುವುದು ಒಳ್ಳೆಯದು. ನಮ್ಮ ಮಳೆಗಾಲದ ತೇವಕ್ಕೆ ಟರ್ಮಿನಲ್‌ಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ಅದನ್ನೂ ಬಿಚ್ಚಿ ನೋಡಿ.

ಇಷ್ಟಾದ ಮೇಲೂ ಅಪರೂಪಕ್ಕೊಂದು ಎರರ್ ಬಂದರೆ ಚಿಂತೆಯಿಲ್ಲ, ಅದೇ ಸಂದೇಶವನ್ನು ಎರಡು ಮೂರು ಬಾರಿ ಮತ್ತೆ ಕಳಿಸುವಂತೆ ಬರೆದರೆ ಸಾಕು. ಸಂಪರ್ಕವೇ ಕಡಿದುಹೋದರೆ ಏನಾಗಬೇಕೆಂಬುದು ಅದಕ್ಕಿಂತ ಮುಖ್ಯ. ಅನೇಕ ಡ್ರೈವ್‌ಗಳು ಹೇಳದ ಹೊರತು ಕೊನೆಯ ಆಜ್ಞೆಯಂತೆಯೇ ಓಡುತ್ತಿರುತ್ತವೆ. ಮ್ಯಾನುಯಲ್‌ನಲ್ಲಿ ಸಂಪರ್ಕ ತಪ್ಪಿದಾಗಿನ ಟೈಮ್‌ಔಟ್ ಪ್ಯಾರಾಮೀಟರ್ ಹುಡುಕಿ, ಐದು ಸೆಕೆಂಡಿಗೆ ಮೋಟಾರ್ ನಿಲ್ಲುವಂತೆ ಹೊಂದಿಸಿ. ಆಮೇಲೆ ಪಂಪ್ ಓಡುತ್ತಿರುವಾಗಲೇ ಮನೆಯ ಕಡೆಯ ಆರ್‌ಎಸ್-485 ವೈರನ್ನು ಕಳಚಿ, ಅದು ನಿಲ್ಲುತ್ತದೆಯೇ ಎಂದು ಪಂಪ್‌ಹೌಸಿನಲ್ಲಿ ಒಬ್ಬರನ್ನು ನಿಲ್ಲಿಸಿ ನೋಡಿಸಿ.